ಪರಿಶಿಷ್ಟದಲ್ಲಿ ಉಳಿದ ಹೆಸರು

ರೋಡರಿಕ್ ಮರ್ಚಿಸನ್‌ನ ಬದುಕನ್ನು ಆರ್ಚಿಬಾಲ್ಡ್ ಗೀಕಿ 1875ರಲ್ಲಿ ಎರಡು ಸಂಪುಟಗಳಲ್ಲಿ ಬರೆದ. ಚಾರ್ಲ್ಸ್ ಲಯೆಲ್‌ನ ಪತ್ರಗಳನ್ನೂ ದಿನಚರಿಗಳನ್ನೂ ಅವನ ತಮ್ಮನ ಹೆಂಡತಿ 1881ರಲ್ಲಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದಳು. ಆಡಮ್ ಸೆಜ್‌ವಿಕ್‌ನ ಜೀವನ ಮತ್ತು ಪತ್ರಗಳು 1890ರಲ್ಲಿ ಕೇಂಬ್ರಿಜ್‌ನಿಂದ ಹೊರಬಂದವು. ಅವೂ ಎರಡು ದಪ್ಪ ಸಂಪುಟಗಳು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಭೂವಿಜ್ಞಾನ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕೆನ್ನುವವರು ಮೊದಲು ಹಿಡಿಯುವುದು ಇವನ್ನೇ. ನಾನೂ ಇವನ್ನೇ ಹಿಡಿದೆ. ಓದುತ್ತ ಹೋದಂತೆ ಒಂದು ಹೆಸರು ಮತ್ತೆ ಮತ್ತೆ ಎದುರಾಗತೊಡಗಿತು: ಮಿಸ್ಟರ್ ಲಾನ್ಸ್‌ಡೇಲ್. ಪಳೆಯುಳಿಕೆ ಗುರುತಿಸಿಕೊಳ್ಳಬೇಕಾದವರು ಅವನಿಗೆ ತೋರಿಸುತ್ತಾರೆ, ಪ್ರಬಂಧ ಅಚ್ಚಾಗಬೇಕಾದವರು ಅವನ ಬಳಿ ಹೋಗುತ್ತಾರೆ. ಅವನದೇ ಜೀವನಚರಿತ್ರೆ, ಅವನದೇ ಪತ್ರಗಳ ಸಂಪುಟ ಎಂದು ಮಾತ್ರ ಯಾವುದೂ ಇಲ್ಲ. ಯಾರು ಈತ, ದಿನವಿಡೀ ಏನು ಮಾಡುತ್ತಿದ್ದ ಎಂಬ ಪ್ರಶ್ನೆ ಹಿಡಿದುಕೊಂಡು ಉಳಿದವರ ಪತ್ರಗಳನ್ನೂ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಎಂಬ ಭೂವಿಜ್ಞಾನಿಗಳ ಸಂಘದ ಹಳೆಯ ಸಂಪುಟಗಳನ್ನೂ ಹೊಸದಾಗಿ ಓದಲು ಕುಳಿತೆ.

ಹುಡುಕಾಟ ನನ್ನನ್ನು ನೇರವಾಗಿ ಕರೆದೊಯ್ದದ್ದು ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್‌ಗೆ, 1834ರ ಒಂದು ಜಗಳಕ್ಕೆ.

ಆ ವರ್ಷ ಹೆನ್ರಿ ಡೆ ಲಾ ಬೆಶ್ ಎಂಬ ಭೂವಿಜ್ಞಾನಿ ಡೆವನ್‌ನಲ್ಲಿ ನಕ್ಷೆ ತಯಾರಿಸುತ್ತಿದ್ದ. ಉತ್ತರ ಡೆವನ್‌ನ ಬೂದು ಬಣ್ಣದ ಗಟ್ಟಿ ಬಂಡೆಗಳಲ್ಲಿ ಗಿಡಗಳ ಪಳೆಯುಳಿಕೆಗಳು ಸಿಕ್ಕಿವೆ, ಅವು ಕಲ್ಲಿದ್ದಲಿನ ಪದರಗಳಲ್ಲಿ ಸಿಗುವ ಜಾತಿಯವೇ ಎಂದು ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಗೆ ಕಾಗದ ಬರೆದ. ಡಿಸೆಂಬರ್‌ನಲ್ಲಿ ಅದನ್ನು ಸಭೆಯಲ್ಲಿ ಓದಿದರು. ಆ ಬೂದು ಬಂಡೆಗಳು ಬಹು ಪುರಾತನ ಎಂದು ಎಲ್ಲರೂ ನಂಬಿದ್ದರು. ಅಷ್ಟು ಪುರಾತನ ಕಲ್ಲಿನಲ್ಲಿ ಅಷ್ಟು ಈಚಿನ ಗಿಡಗಳಿರುವುದು ಹೇಗೆ? ಮರ್ಚಿಸನ್ ಮತ್ತು ಲಯೆಲ್ ಎದ್ದುನಿಂತು, ಇದು ಸಾಧ್ಯವೇ ಇಲ್ಲ, ಡೆ ಲಾ ಬೆಶ್ ಬಂಡೆಗಳ ಕ್ರಮವನ್ನೇ ತಪ್ಪಾಗಿ ಓದಿದ್ದಾನೆ ಎಂದರು. ಇಬ್ಬರೂ ಆ ಜಾಗವನ್ನು ಕಣ್ಣಾರೆ ನೋಡಿರಲಿಲ್ಲ.

ಮರ್ಚಿಸನ್‌ನ ಹಟಕ್ಕೆ ಕಾರಣವಿತ್ತು. ವೇಲ್ಸ್ ಗಡಿಯಲ್ಲಿ ವರ್ಷಗಟ್ಟಲೆ ನಡೆದು ಅವನು ಸೈಲೂರಿಯನ್ ಎಂಬ ಹಳೆಯ ಸ್ತರಗಳ ವ್ಯವಸ್ಥೆಯನ್ನು ಕಟ್ಟುತ್ತಿದ್ದ. ಅದರ ಕೆಳಗೆ ಕಲ್ಲಿದ್ದಲಿನ ಗಿಡ ಸಿಕ್ಕಿತೆಂದರೆ ಪಳೆಯುಳಿಕೆಯಿಂದ ಕಲ್ಲಿನ ವಯಸ್ಸು ಹೇಳುವ ವಿಧಾನವೇ ಕುಸಿಯುತ್ತದೆ. ಎಲ್ಲಿ ಗಣಿ ತೋಡಿದರೆ ಕಲ್ಲಿದ್ದಲು ಸಿಗುವುದಿಲ್ಲ ಎಂದು ಧೈರ್ಯವಾಗಿ ಹೇಳುವ ಅಧಿಕಾರವೂ ಕೈತಪ್ಪುತ್ತದೆ.

ಆ ಸಭೆಯಲ್ಲಿ ಆಡಿದ ಮಾತುಗಳು ಸಂಘದ ಮುದ್ರಿತ ನಡಾವಳಿಯಲ್ಲಿ ಇಲ್ಲ. ಪ್ರಬಂಧದ ಸಾರಾಂಶ ಅಚ್ಚಾಗುತ್ತಿತ್ತು; ಆಮೇಲೆ ನಡೆದ ಚರ್ಚೆ ಅಚ್ಚಾಗಬಾರದೆಂದು ಸಂಘವೇ ನಿರ್ಧರಿಸಿತ್ತು. ಸದಸ್ಯರು ಮನಬಿಚ್ಚಿ ವಾದಿಸಲಿ ಎಂಬುದು ಉದ್ದೇಶ. ಹಾಗಾಗಿ ಆ ಸಂಜೆ ಯಾರು ಯಾರ ಮೇಲೆ ಬಿದ್ದರು ಎಂದು ತಿಳಿಯಲು ಉಳಿದಿರುವುದು ಪತ್ರಗಳು, ದಿನಚರಿಗಳು ಮಾತ್ರ. ಸಭೆ ಮುಗಿಸಿ ಮನೆಗೆ ಹೋದವರು ಊರಲ್ಲಿಲ್ಲದ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಜಗಳ ಜೀವಂತವಾಗಿದೆ. ಸಂಘದ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಥ್ಯಾಕ್ರೆ ಇಂಥ ಕಣ್ಣಾರೆ ಕಂಡವರ ಬರಹಗಳನ್ನು ಒಂದೆಡೆ ಸೇರಿಸಿದ್ದಾನೆ. ಮಾರ್ಟಿನ್ ರಡ್ವಿಕ್ 1985ರ ತನ್ನ ದೊಡ್ಡ ಗ್ರಂಥದಲ್ಲಿ ಈ ಡೆವನ್ ವಿವಾದದ ಎಂಟು ಹತ್ತು ವರ್ಷಗಳನ್ನು ಪತ್ರಗಳ ಮೇಲೆ ಪತ್ರ ಇಟ್ಟು ಕಟ್ಟಿದ್ದಾನೆ. ಅವರಿಬ್ಬರು ದಾರಿ ಮಾಡಿಕೊಡದಿದ್ದರೆ ನನ್ನಂಥವರಿಗೆ ಈ ಕಾಡಿನಲ್ಲಿ ಹೆಜ್ಜೆ ಇಡಲು ಆಗುತ್ತಿರಲಿಲ್ಲ.

ಪತ್ರ ಬರೆಯುವುದೂ ಆಗ ಅಗ್ಗವಲ್ಲ. 1840ರ ಜನವರಿಯಲ್ಲಿ ಒಂದು ಪೆನ್ನಿಯ ಏಕರೂಪ ದರ ಬರುವ ತನಕ ದೂರಕ್ಕೊಂದು ದರ, ಹಾಳೆಗೊಂದು ದರ. ಎರಡು ಹಾಳೆಯಾದರೆ ದುಡ್ಡು ದುಪ್ಪಟ್ಟು, ಅದನ್ನು ಸಾಮಾನ್ಯವಾಗಿ ಪತ್ರ ಪಡೆದವನು ತೆರಬೇಕು. ಲಕೋಟೆಯೂ ಇನ್ನೊಂದು ಹಾಳೆಯೆಂದೇ ಲೆಕ್ಕ. ಅದಕ್ಕೆ ಒಂದೇ ಹಾಳೆಯನ್ನು ತುಂಬಿಸಿ, ಮಡಚಿ, ಅರಗಿನ ಮುದ್ರೆ ಒತ್ತಿ, ಹೊರಬದಿಯಲ್ಲೇ ವಿಳಾಸ ಬರೆಯುತ್ತಿದ್ದರು. ಜಾಗ ಸಾಲದಾದಾಗ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವ ರೂಢಿಯಿತ್ತು. ಅಂಥ ಒಂದು ಪುಟದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದುವಾಗ ಕಣ್ಣಿಗೆ ಮೊದಲು ಕಾಣುವುದು ಬರೀ ಬಲೆ. ಉದ್ದ ಸಾಲುಗಳ ಮೇಲೆ ಗಮನ ನಿಲ್ಲಿಸಿ ಅಡ್ಡ ಸಾಲುಗಳನ್ನು ಮನಸ್ಸಿನಿಂದ ಅಳಿಸಬೇಕು. ಆಮೇಲೆ ತಿರುಗಿಸಿ ಅದನ್ನೇ ಇನ್ನೊಮ್ಮೆ. ಭೂವಿಜ್ಞಾನಿಗಳಾದರೆ ಅದರ ನಡುವೆಯೇ ಒಂದು ಬೆಟ್ಟದ ಸೀಳುನಕ್ಷೆ ಗೀಚಿ, ಪದರಗಳಿಗೆ ಅಕ್ಷರ ಕೊಟ್ಟು, ಬಾಣ ಹಾಕಿ ತೋರಿಸುತ್ತಾರೆ. ಪ್ರಬಂಧದ ಅಚ್ಚುಕಟ್ಟಾದ ತಾಮ್ರಫಲಕದ ಚಿತ್ರಕ್ಕಿಂತ ಈ ಗೀಚುಗಳಲ್ಲೇ ಅವರ ಅನುಮಾನಗಳು ಚೆನ್ನಾಗಿ ಕಾಣುತ್ತವೆ ಎಂಬುದು ನನ್ನ ಅನಿಸಿಕೆ.

ಡೆ ಲಾ ಬೆಶ್‌ನ ಪತ್ರಗಳಲ್ಲಿ ಕಾಣುವುದು ಸಿಟ್ಟು, ಸಿಟ್ಟಿನ ಕೆಳಗೆ ಭಯ. ಅವನು ಒಂದು ಕಾಲಕ್ಕೆ ಅನುಕೂಲಸ್ಥ. ಜಮೈಕಾದಲ್ಲಿ ಅವನ ಮನೆತನದ ಸಕ್ಕರೆ ತೋಟವಿತ್ತು, ಗುಲಾಮರ ದುಡಿಮೆಯ ತೋಟ. ಅಲ್ಲಿಂದ ಬರುತ್ತಿದ್ದ ಆದಾಯದಿಂದಲೇ ಅವನು ಕಲ್ಲುಗಳ ಬೆನ್ನು ಹತ್ತಿದ್ದ. ಮೂವತ್ತರ ದಶಕದ ಆರಂಭಕ್ಕೆ ಆ ಆದಾಯ ಬತ್ತಿತು. 1832ರಲ್ಲಿ ಅವನು ಸರ್ಕಾರದ ನಕ್ಷೆ ಇಲಾಖೆಗೆ ಅರ್ಜಿ ಹಾಕಿ, ಎಂಟು ನಕ್ಷೆಗಳಿಗೆ ಭೂವಿಜ್ಞಾನದ ಬಣ್ಣ ತುಂಬಿಕೊಡುವ ಕೆಲಸವನ್ನು 300 ಪೌಂಡಿಗೆ ಹಿಡಿದ. 1835ರಲ್ಲಿ ಅದೇ ಬೆಳೆದು ಬ್ರಿಟನ್ನಿನ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾಯಿತು. 1834ರಲ್ಲಿ ಲಂಡನ್ನಿನ ಸಭೆ ಅವನ ಕ್ಷೇತ್ರಕಾರ್ಯ ತಪ್ಪು ಎಂದಾಗ ಪೆಟ್ಟು ಬಿದ್ದದ್ದು ಹೊಟ್ಟೆಪಾಡಿಗೆ. ಅದೇ ವರ್ಷ ಅವನು ಬರೆದ ಒಂದು ವ್ಯಂಗ್ಯಚಿತ್ರ ಉಳಿದಿದೆ. ಅವನು ತನ್ನ ಮೂಗನ್ನು ಬೆರಳಿನಿಂದ ತೋರಿಸುತ್ತಿದ್ದಾನೆ. ಎದುರಿನ ಮಹನೀಯರು, ನಿನ್ನನ್ನು ನಾವು ಮೂಗಿಲ್ಲದವರ ವರ್ಗಕ್ಕೆ ಸೇರಿಸಿಬಿಟ್ಟಿದ್ದೇವೆ, ಆದ್ದರಿಂದ ನಿನಗೆ ಮೂಗಿರಲು ಸಾಧ್ಯವಿಲ್ಲ ಎಂಬರ್ಥದ ಮಾತು ಹೇಳುತ್ತಿದ್ದಾರೆ.

ಹೋರಾಡುತ್ತಿದ್ದವರ ನಡುವಿನ ಅಂತರವನ್ನು ನೋಡಿ. ಮರ್ಚಿಸನ್ ಸ್ವಂತ ಆಸ್ತಿಯ ಮೇಲೆ ಬದುಕಿದವನು. ಅವನ ಹೆಂಡತಿ ಷಾರ್ಲಟ್ ಭೂದೃಶ್ಯಗಳನ್ನು ಬರೆಯುತ್ತ, ಪಳೆಯುಳಿಕೆ ಆರಿಸುತ್ತ ಜೊತೆಗೆ ಓಡಾಡುತ್ತಿದ್ದಳು. ಬೇಟೆಯ ಹುಚ್ಚಿನಲ್ಲಿದ್ದ ಗಂಡನನ್ನು ವಿಜ್ಞಾನದ ಕಡೆ ತಿರುಗಿಸಿದ್ದರಲ್ಲಿ ಆಕೆಯ ಪಾಲು ದೊಡ್ಡದು. ಸೆಜ್‌ವಿಕ್ ಕೇಂಬ್ರಿಜ್‌ನ ಪ್ರಾಧ್ಯಾಪಕ, ಜೊತೆಗೆ ಪಾದ್ರಿ. ಡೆ ಲಾ ಬೆಶ್ ಈಗ ಸರ್ಕಾರದ ಸಂಬಳಗಾರ. ಇವರೆಲ್ಲರ ಪೆಟ್ಟಿಗೆಗಳು ಬಂದು ಸೇರುತ್ತಿದ್ದುದು ಸಾಮರ್ಸೆಟ್ ಹೌಸ್‌ನಲ್ಲಿದ್ದ ಸಂಘದ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ಕುಳಿತಿದ್ದವನು ವಿಲಿಯಂ ಲಾನ್ಸ್‌ಡೇಲ್.

1794ರಲ್ಲಿ ಬಾತ್ ಊರಿನಲ್ಲಿ ಹುಟ್ಟಿದ ಲಾನ್ಸ್‌ಡೇಲ್ ಮೊದಲು ಸೈನಿಕ. ಸ್ಪೇನಿನ ಸಲಮಾಂಕದಲ್ಲೂ ವಾಟರ್ಲೂನಲ್ಲೂ ಹೋರಾಡಿದವನು. ಮರ್ಚಿಸನ್ ಕೂಡ ಐಬೀರಿಯಾದ ಯುದ್ಧ ಕಂಡವನೇ. ಇಬ್ಬರಿಗೂ ಅದೊಂದು ಸಮಾನ ನೆನಪು. ಯುದ್ಧ ಮುಗಿದ ಮೇಲೆ ಅರ್ಧ ಸಂಬಳದ ಲೆಫ್ಟಿನೆಂಟನಾಗಿ ಊರಿಗೆ ಮರಳಿದ ಲಾನ್ಸ್‌ಡೇಲ್ ಬಾತ್ ಸುತ್ತಲಿನ ಸುಣ್ಣಕಲ್ಲಿನ ಗಣಿಗಳಲ್ಲಿ ಪಳೆಯುಳಿಕೆ ಹೆಕ್ಕುತ್ತ, ಅಲ್ಲಿನ ವಸ್ತುಸಂಗ್ರಹಾಲಯವನ್ನು ಸಂಬಳವಿಲ್ಲದೆ ನೋಡಿಕೊಂಡ. 1829ರಲ್ಲಿ ಲಂಡನ್ನಿನ ಸಂಘ ಅವನನ್ನು ಸಹಾಯಕ ಕಾರ್ಯದರ್ಶಿ ಮತ್ತು ಕ್ಯುರೇಟರ್ ಎಂದು ನೇಮಿಸಿತು.

ಹುದ್ದೆಯ ಹೆಸರಿನಲ್ಲಿ ಕೆಲಸದ ಭಾರ ತಿಳಿಯುವುದಿಲ್ಲ. ಬಂದ ಕಲ್ಲುಗಳಿಗೆ ಚೀಟಿ ಅಂಟಿಸಿ ಜೋಡಿಸುವುದು, ಗ್ರಂಥಾಲಯ ನೋಡಿಕೊಳ್ಳುವುದು, ಪ್ರಬಂಧಗಳನ್ನು ಅಚ್ಚಿಗೆ ಸಿದ್ಧಪಡಿಸುವುದು, ಸಂಶಯ ಬಂದ ಸದಸ್ಯರಿಗೆ ಉತ್ತರಿಸುವುದು, ಎಲ್ಲವೂ ಅವನ ಪಾಲು. ಸಂಘದ ಗೌರವ ಕಾರ್ಯದರ್ಶಿಯ ಕೆಲಸವೇ ಎಷ್ಟಿತ್ತೆಂದು ತಿಳಿಯಲು ಡಾರ್ವಿನ್‌ನ ಪತ್ರ ಸಾಕು. 1837ರ ಅಕ್ಟೋಬರ್‌ನಲ್ಲಿ ಅವನನ್ನು ಕಾರ್ಯದರ್ಶಿಯಾಗು ಎಂದು ಒತ್ತಾಯಿಸಿದಾಗ ಗುರು ಹೆನ್ಸ್‌ಲೋಗೆ ಬರೆದು, ಇಂಗ್ಲೆಂಡಿನ ಭೂವಿಜ್ಞಾನ ತನಗೆ ಗೊತ್ತಿಲ್ಲ, ಸಣ್ಣ ಬರವಣಿಗೆಗೂ ತನಗೆ ಹೊತ್ತು ಹಿಡಿಯುತ್ತದೆ, ಕೈಯಲ್ಲಿರುವ ಕೆಲಸ ಕೆಡುತ್ತದೆ ಎಂದು ಕಾರಣಗಳನ್ನು ಸಾಲಾಗಿ ಕೊಟ್ಟ. ಕೊನೆಗೆ ಒಪ್ಪಿ 1838ರಿಂದ ಮೂರು ವರ್ಷ ನಡೆಸಿದ. ಬೇಡ ಎನ್ನುವ ಅವಕಾಶವಾದರೂ ಅವನಿಗಿತ್ತು. ಲಾನ್ಸ್‌ಡೇಲ್‌ಗೆ ತನ್ನ ಹುದ್ದೆಯೇ ಜೀವನೋಪಾಯ.

ಸಂಘದ ವಸ್ತುಸಂಗ್ರಹಾಲಯದಲ್ಲಿ ಅವನು ಮಾಡುತ್ತಿದ್ದ ಕೆಲಸದ ಒಂದು ನೋಟವನ್ನು ಲಯೆಲ್ ತನ್ನ ಭೂವಿಜ್ಞಾನದ ಪಠ್ಯದಲ್ಲಿ ದಾಖಲಿಸಿದ್ದಾನೆ. 1835ರ ಅಕ್ಟೋಬರ್‌ನಲ್ಲಿ ಲಾನ್ಸ್‌ಡೇಲ್ ಇಂಗ್ಲೆಂಡಿನ ಬೇರೆಬೇರೆ ಕಡೆಯಿಂದ ಬಂದ ಬಿಳಿ ಸೀಮೆಸುಣ್ಣದ ತುಂಡುಗಳನ್ನು ಎತ್ತಿಕೊಂಡ. ನೋಡಿದರೆ ಬರೀ ಬಿಳಿ ಪುಡಿ, ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಅವನು ಅದನ್ನು ನೀರಿನಲ್ಲಿ ಹಾಕಿ ಹುಷಾರಾಗಿ ಪುಡಿ ಮಾಡಿದ. ಬರಿಗಣ್ಣಿಗೆ ಬಿಳಿ ಕಾಳುಗಳಂತೆ ಕಾಣುತ್ತಿದ್ದವು ನೋಡನೋಡುತ್ತ ಪೂರ್ತಿ ಆಕಾರ ಉಳಿಸಿಕೊಂಡ ಅತಿ ಸಣ್ಣ ಚಿಪ್ಪುಗಳಾದವು. ಒಂದು ಪೌಂಡ್ ಸೀಮೆಸುಣ್ಣದಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಡೋವರ್‌ನ ಬಿಳಿ ಬಂಡೆಗಳು ಯಾವುದರಿಂದ ಆಗಿವೆ ಎಂಬ ತಿಳಿವಳಿಕೆಗೆ ಇಂಥ ತಟ್ಟೆ ನೀರಿನ ಕೆಲಸವೇ ದಾರಿ ತೆರೆಯಿತು. ಇದರ ಬಗ್ಗೆ ಲಾನ್ಸ್‌ಡೇಲ್ ತಾನೇ ದೊಡ್ಡ ಗ್ರಂಥ ಬರೆಯಲಿಲ್ಲ. ಲಯೆಲ್ ಬರೆದದ್ದರಿಂದ ನಮಗೆ ಗೊತ್ತು.

ಡೆವನ್‌ನ ಜಗಳ ಅಷ್ಟರಲ್ಲಿ ಇನ್ನೊಂದು ತಿರುವು ಪಡೆದಿತ್ತು. 1836ರ ಬೇಸಿಗೆಯಲ್ಲಿ ಸೆಜ್‌ವಿಕ್ ಮತ್ತು ಮರ್ಚಿಸನ್ ತಾವೇ ಡೆವನ್‌ಗೆ ಹೋಗಿ ನಡೆದರು. ಗಿಡಗಳಿದ್ದ ಬಂಡೆಗಳು ಜಿಲ್ಲೆಯ ನಡುವಿನ ತಗ್ಗಿನಲ್ಲಿ ಎಲ್ಲದರ ಮೇಲೆ ಕುಳಿತಿವೆ, ಅವು ಕಲ್ಲಿದ್ದಲಿನ ಕಾಲದವೇ ಎಂದು ಆಗಸ್ಟ್‌ನಲ್ಲಿ ಬ್ರಿಸ್ಟಲ್‌ನಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಸಾರಿದರು. ಗಿಡಗಳ ಸಮಸ್ಯೆ ತೀರಿತು, ಇನ್ನೊಂದು ಎದ್ದಿತು. ಮೇಲಿನದು ಕಲ್ಲಿದ್ದಲಿನ ಕಾಲದ್ದಾದರೆ ಅದರ ಕೆಳಗೆ ಎಲ್ಲೂ ಬಿರುಕಿಲ್ಲದೆ ಮುಂದುವರಿಯುವ ಬಂಡೆಗಳು ಯಾವ ಕಾಲದವು? ದಕ್ಷಿಣ ಡೆವನ್‌ನ ಟಾರ್ಕಿ, ಪ್ಲಿಮತ್ ಕಡೆಯ ಸುಣ್ಣಕಲ್ಲು ಯಾವುದರ ಸಾಲಿಗೆ ಸೇರಬೇಕು? ಅವು ತೀರ ಪುರಾತನ ಎಂದೇ ಇಬ್ಬರೂ ಹಿಡಿದಿದ್ದರು.

ಆ ಸುಣ್ಣಕಲ್ಲಿನ ಪಳೆಯುಳಿಕೆಗಳನ್ನು ಕೂಡಿಹಾಕಿದವರು ಸ್ಥಳೀಯರು. ಪ್ಲಿಮತ್‌ನಲ್ಲಿ ಪಾದ್ರಿ ರಿಚರ್ಡ್ ಹೆನ್ನಾ, ದಕ್ಷಿಣ ಡೆವನ್‌ನಲ್ಲೇ ನೆಲೆಸಿದ್ದ ರಾಬರ್ಟ್ ಆಸ್ಟೆನ್. ಆಸ್ಟೆನ್‌ನ ಸಂಗ್ರಹ ಲಾನ್ಸ್‌ಡೇಲ್‌ನ ಮೇಜಿಗೆ ಬಂತು. ಹವಳದ ಪಳೆಯುಳಿಕೆಯನ್ನು ಅಡ್ಡಲಾಗಿ ನೋಡಿದರೆ ಅಂಚಿನಿಂದ ನಡುವಿನ ಕಡೆಗೆ ಚಾಚಿದ ತೆಳು ಗೋಡೆಗಳು ಕಾಣುತ್ತವೆ. ಅವುಗಳ ಜೋಡಣೆ, ನಡುವಿನ ಕಂಬದ ರೂಪ, ಗೂಡುಗಳು ಒಂದಕ್ಕೊಂದು ಅಂಟಿದ ಬಗೆ, ಇವೆಲ್ಲ ಜಾತಿಯನ್ನು ಹೇಳುತ್ತವೆ. ಲಾನ್ಸ್‌ಡೇಲ್ ಆ ಹೊತ್ತಿಗೆ ಮರ್ಚಿಸನ್‌ನ ಸೈಲೂರಿಯನ್ ಗ್ರಂಥಕ್ಕಾಗಿ ವೇಲ್ಸ್ ಗಡಿಯ ಹವಳಗಳನ್ನು ವಿವರಿಸುವ ಕೆಲಸದಲ್ಲಿದ್ದ. ಕಲ್ಲಿದ್ದಲಿಗಿಂತ ಸ್ವಲ್ಪ ಹಳೆಯ ಸುಣ್ಣಕಲ್ಲಿನ ಹವಳಗಳೂ ಅವನಿಗೆ ಚಿರಪರಿಚಿತ. ಡೆವನ್‌ನವು ಎರಡಕ್ಕೂ ಪೂರ್ತಿ ಹೊಂದಲಿಲ್ಲ. ಕೆಲವು ಇತ್ತ ಹೋಲುತ್ತವೆ, ಕೆಲವು ಅತ್ತ, ಉಳಿದವು ಯಾವುದಕ್ಕೂ ಸೇರದವು.

1837ರ ಡಿಸೆಂಬರ್‌ನಲ್ಲಿ ಅವನು ತನ್ನ ತೀರ್ಮಾನ ಹೇಳಿದ: ಈ ಸುಣ್ಣಕಲ್ಲು ಸೈಲೂರಿಯನ್ ಮತ್ತು ಕಲ್ಲಿದ್ದಲಿನ ಕಾಲಗಳ ನಡುವಿನದು. ವೇಲ್ಸ್ ಗಡಿಯಲ್ಲಿ ಆ ನಡುವಿನ ಜಾಗದಲ್ಲಿ ಇರುವುದು ಕೆಂಪು ಮರಳುಗಲ್ಲು, ಚಿಪ್ಪು ಹವಳಗಳ ಸುಳಿವಿಲ್ಲದ, ಅಲ್ಲಲ್ಲಿ ವಿಚಿತ್ರ ಮೀನುಗಳ ಪಳೆಯುಳಿಕೆ ಕೊಡುವ ಕಲ್ಲು. ಅಂದರೆ ಅಲ್ಲಿ ಕೆಂಪು ಮರಳು ಶೇಖರವಾಗುತ್ತಿದ್ದ ಕಾಲದಲ್ಲೇ ಇಲ್ಲಿ ಬೆಚ್ಚಗಿನ ಸಮುದ್ರದಲ್ಲಿ ಹವಳ ಬೆಳೆಯುತ್ತಿತ್ತು. ನೋಟಕ್ಕೆ ಸಂಬಂಧವೇ ಇಲ್ಲದ ಎರಡು ಕಲ್ಲುಗಳು ಒಂದೇ ಕಾಲದವು ಎಂಬ ಮಾತನ್ನು ಕ್ಷೇತ್ರದಲ್ಲಿ ನಡೆದವರಾರೂ ಆಡಿರಲಿಲ್ಲ. ಅವರು ತಂತಮ್ಮ ಜಿಲ್ಲೆಯ ಬಂಡೆಯ ಬಣ್ಣ, ಬಾಗು, ಕ್ರಮ ನೋಡುತ್ತಿದ್ದರು. ಎಲ್ಲ ಜಿಲ್ಲೆಗಳ ಪಳೆಯುಳಿಕೆಗಳೂ ಒಂದೇ ಮೇಜಿನ ಮೇಲೆ ಹಾದುಹೋಗುತ್ತಿದ್ದುದು ಲಾನ್ಸ್‌ಡೇಲ್‌ಗೆ ಮಾತ್ರ. ಗುಮಾಸ್ತನ ಆ ಕುರ್ಚಿಯೇ ಅವನಿಗೆ ಈ ನೋಟ ಕೊಟ್ಟಿತು ಎಂದು ನಾನು ನಂಬುತ್ತೇನೆ. ಅವನ ಚುರುಕು ಕಣ್ಣಿನ ಬಗ್ಗೆ ಬರೆದವರು ಈ ಕುರ್ಚಿಯ ಬಗ್ಗೆ ಸಾಕಷ್ಟು ಬರೆದಿಲ್ಲ.

ಮರ್ಚಿಸನ್ ಮತ್ತು ಸೆಜ್‌ವಿಕ್ ಅದನ್ನು ಕೂಡಲೇ ಒಪ್ಪಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಬಿದ್ದಿತ್ತು. ಮರ್ಚಿಸನ್ ತನ್ನ ಮಹಾಗ್ರಂಥದ ಅಚ್ಚಿನ ಕೆಲಸದಲ್ಲಿ ಮುಳುಗಿದ್ದ. 1839ರ ಆರಂಭದಲ್ಲಿ ಡೆ ಲಾ ಬೆಶ್‌ನ ಡೆವನ್ ವರದಿ ಹೊರಬಂದಾಗ ಆತುರ ಹುಟ್ಟಿತು. ಏಪ್ರಿಲ್‌ನಲ್ಲಿ ಇಬ್ಬರೂ ಸೇರಿ ಒಂದು ಪತ್ರಿಕೆಯಲ್ಲಿ ಹೊಸ ವ್ಯವಸ್ಥೆಯನ್ನು ಪ್ರಕಟಿಸಿ ಅದಕ್ಕೆ ಡೆವೋನಿಯನ್ ಎಂದು ಹೆಸರಿಟ್ಟರು. ಲಾನ್ಸ್‌ಡೇಲ್ ಇದನ್ನು ವರ್ಷದ ಹಿಂದೆಯೇ ಹೇಳಿದ್ದನೆಂದು ಅವರು ಅಲ್ಲೇ ಬರೆದಿದ್ದಾರೆ, ಮರೆಮಾಚಲಿಲ್ಲ. 1840ರಲ್ಲಿ ಮರ್ಚಿಸನ್ ರಷ್ಯಾದಲ್ಲಿ ಓಡಾಡುವಾಗ ಕೆಂಪು ಮರಳುಗಲ್ಲಿನ ಮೀನುಗಳೂ ಡೆವನ್‌ನ ಚಿಪ್ಪುಗಳೂ ಒಂದೇ ಪದರದಲ್ಲಿ ಒಟ್ಟಿಗೆ ಸಿಕ್ಕವು. ಮೇಜಿನ ಮೇಲೆ ಹೇಳಿದ ಮಾತಿಗೆ ನೆಲವೇ ಸಾಕ್ಷಿ ಕೊಟ್ಟಿತು. 1841ರಲ್ಲಿ ಜಾನ್ ಫಿಲಿಪ್ಸ್, ಡೆ ಲಾ ಬೆಶ್‌ನ ಸಂಸ್ಥೆಗಾಗಿಯೇ ಡೆವನ್‌ನ ಪಳೆಯುಳಿಕೆಗಳನ್ನು ಒಂದೊಂದಾಗಿ ಚಿತ್ರಿಸಿ ವಿವರಿಸಿ, ಅವು ಎರಡು ಕಾಲಗಳ ನಡುವಿನವೇ ಎಂದು ತೋರಿಸಿದ.

ಲಾನ್ಸ್‌ಡೇಲ್ ಈ ಬಗ್ಗೆ ತನ್ನ ಹೆಸರಿನಲ್ಲಿ ಬರೆದ ಪ್ರಬಂಧವನ್ನು 1840ರ ಮಾರ್ಚ್‌ನಲ್ಲಿ ಸಂಘದಲ್ಲಿ ಓದಲಾಯಿತು. ಅದು ಸಂಘದ ಟ್ರಾನ್ಸ್ಯಾಕ್ಷನ್ಸ್‌ನ ಎರಡನೆಯ ಸರಣಿಯ ಐದನೆಯ ಸಂಪುಟದಲ್ಲಿದೆ. ಈ ಹಳೆಯ ಸಂಪುಟಗಳು ಸ್ಕ್ಯಾನ್ ಆಗಿ ಈಗ ಯಾರಿಗೂ ಸಿಗುತ್ತವೆ. ಅದರಲ್ಲಿ ಸೆಜ್‌ವಿಕ್ ಮತ್ತು ಮರ್ಚಿಸನ್‌ನ ಡೆವನ್ ಪ್ರಬಂಧ ಎಪ್ಪತ್ತು ಪುಟಗಳಷ್ಟು ಹಬ್ಬಿದೆ. ಲಾನ್ಸ್‌ಡೇಲ್‌ನದು ಇಪ್ಪತ್ತು ಪುಟವೂ ಇಲ್ಲ. ತನ್ನ ತೀರ್ಮಾನದ ತಾರೀಖನ್ನೂ ಆಸ್ಟೆನ್‌ನ ಸಂಗ್ರಹವನ್ನು ನೋಡಿದ್ದನ್ನೂ ಅವನು ಅಲ್ಲಿ ದಾಖಲಿಸಿದ್ದಾನೆ.

ಅದೇ ಸಂಪುಟದ ಹಾಳೆ ತಿರುವುವಾಗ ನಮ್ಮ ಕಡೆಯ ನೆಲ ಕಣ್ಣಿಗೆ ಬಿತ್ತು. ಮದ್ರಾಸ್ ಸೈನ್ಯದ ವೈದ್ಯ ಜಾನ್ ಮಾಲ್ಕಮ್‌ಸನ್ ದಖನ್ನಿನ ಕಪ್ಪು ಬಸಾಲ್ಟ್ ಪ್ರದೇಶದ ಪೂರ್ವ ಅಂಚಿನ ಬಗ್ಗೆ ಬರೆದ ಪ್ರಬಂಧ ಅದು. ಲಾವಾದ ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳನ್ನು ಚಿಪ್ಪುಗಳ ತಜ್ಞ ಸೋವರ್ಬಿ ಚಿತ್ರಿಸಿ ಹೆಸರಿಸಿದ್ದಾನೆ. ಬೆಳಗಾವಿ, ವಿಜಯಪುರ, ಕಲಬುರಗಿಯ ನೆಲವೂ ಇದೇ ಲಾವಾ ಹಾಸಿನದು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ ಇಂಥ ನಡುಪದರಗಳಿವೆ. ಮಾಲ್ಕಮ್‌ಸನ್‌ನ ಪ್ರಬಂಧ ಸಭೆಯಲ್ಲಿ ಓದಿದ್ದು 1837ರ ನವೆಂಬರ್‌ನಲ್ಲಿ. ಡೆವನ್‌ನ ಹವಳದ ತೀರ್ಮಾನಕ್ಕೆ ಸುಮಾರು ಒಂದು ತಿಂಗಳ ಮುಂಚೆ. ಪ್ರಬಂಧಗಳನ್ನು ಅಚ್ಚಿಗೆ ಅಣಿಗೊಳಿಸುತ್ತಿದ್ದ ಲಾನ್ಸ್‌ಡೇಲ್‌ನ ಕೆಲಸದ ಹರಹು ಆ ಒಂದು ತಿಂಗಳಿನಲ್ಲೇ ಕಾಣುತ್ತದೆ.

1842ರಲ್ಲಿ ಅನಾರೋಗ್ಯದಿಂದ ಅವನು ಹುದ್ದೆ ಬಿಟ್ಟ. ಹದಿಮೂರು ವರ್ಷದ ದುಡಿಮೆ. ಕ್ಯುರೇಟರ್ ಜಾಗಕ್ಕೆ ಬಂದವನು ಎಡ್ವರ್ಡ್ ಫೋರ್ಬ್ಸ್, ಏಜಿಯನ್ ಸಮುದ್ರದ ತಳವನ್ನು ಜಾಲಾಡಿ ಆಗಷ್ಟೇ ಮರಳಿದ್ದ ಯುವಕ. ತಂದೆಯ ಹಣ ಮುಳುಗಿಹೋಗಿದ್ದರಿಂದ ವರ್ಷಕ್ಕೆ 150 ಪೌಂಡ್‌ಗೆ ಈ ಕೆಲಸ ಒಪ್ಪಿದ. ಏಜಿಯನ್ ಕುರಿತು ಬರೆಯಬೇಕಾದ್ದನ್ನು ಬರೆಯಲು ಹೊತ್ತೇ ಸಿಗುತ್ತಿಲ್ಲ ಎಂಬ ಕೊರಗು ಅವನದಾಯಿತು. ಎರಡು ವರ್ಷದಲ್ಲಿ ಡೆ ಲಾ ಬೆಶ್‌ನ ಸಂಸ್ಥೆಗೆ ಹೊರಟುಹೋದ. ಫೋರ್ಬ್ಸ್ ತನ್ನ ದಣಿವನ್ನು ಗೆಳೆಯರಿಗೆ ಬರೆದಿದ್ದರಿಂದ ಆ ಕುರ್ಚಿ ಎಂಥದ್ದೆಂದು ಇವತ್ತು ಊಹಿಸಬಹುದು.

ಹುದ್ದೆ ಬಿಟ್ಟ ಲಾನ್ಸ್‌ಡೇಲ್ ಕೆಲಸ ಬಿಡಲಿಲ್ಲ. 1846ರಲ್ಲಿ ಸಂಘ ತನ್ನ ಅತ್ಯುನ್ನತ ಗೌರವವಾದ ವುಲಸ್ಟನ್ ಪದಕವನ್ನು ಅವನಿಗೆ ಕೊಟ್ಟಿತು. 1849ರಲ್ಲಿ ಫ್ರೆಡರಿಕ್ ಮೆಕಾಯ್ ಹವಳದ ಒಂದು ಕುಲಕ್ಕೆ ಲಾನ್ಸ್‌ಡೇಲಿಯಾ ಎಂದು ಹೆಸರಿಟ್ಟ. 1871ರಲ್ಲಿ ಅವನು ಬ್ರಿಸ್ಟಲ್‌ನಲ್ಲಿ ತೀರಿಕೊಂಡ. ಅವನನ್ನು ಓದಬೇಕೆನ್ನುವವರು ಬೇರೆಯವರ ಪುಸ್ತಕಗಳ ಕೊನೆಯ ಪುಟಗಳಿಗೆ ಹೋಗಬೇಕು: 1839ರ ಮರ್ಚಿಸನ್‌ನ ಸೈಲೂರಿಯನ್ ಗ್ರಂಥದಲ್ಲಿ ಹವಳಗಳ ಭಾಗ, 1844ರ ಡಾರ್ವಿನ್‌ನ ಜ್ವಾಲಾಮುಖಿ ದ್ವೀಪಗಳ ಪುಸ್ತಕದ ಪರಿಶಿಷ್ಟದಲ್ಲಿ ಟಾಸ್ಮೇನಿಯಾದ ಹವಳಗಳು, 1845ರಲ್ಲಿ ಸ್ಟ್ರೆಲೆಕಿಯ ನ್ಯೂ ಸೌತ್ ವೇಲ್ಸ್ ಗ್ರಂಥ, ಅದೇ ವರ್ಷದ ಮರ್ಚಿಸನ್ ಮತ್ತು ಸಂಗಡಿಗರ ರಷ್ಯಾ ಸಂಪುಟ, 1850ರಲ್ಲಿ ಡಿಕ್ಸನ್‌ನ ಸಸೆಕ್ಸ್ ಭೂವಿಜ್ಞಾನ. ಯಾವುದರ ಬೆನ್ನಿನ ಮೇಲೂ ಅವನ ಹೆಸರಿಲ್ಲ. ಗ್ರಂಥಾಲಯಗಳು ಈ ಪರಿಶಿಷ್ಟಗಳನ್ನು ಅವನ ಹೆಸರಿನ ಕೆಳಗೂ ದಾಖಲಿಸಿದರೆ ಮುಂದಿನ ಓದುಗನಿಗೆ ನನ್ನಷ್ಟು ಅಲೆಯುವ ಕೆಲಸ ಇರುವುದಿಲ್ಲ.